ಗೇರ್ ಸರಿಯಾಗಿ ಬೀಳುತ್ತಿಲ್ಲವೇ? ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಎಂಜಿನ್ ಸೆನ್ಸರ್ ನೋಡಿ

ಮಳೆ ಹಿಡಿಯಿತು ಅಂದರೆ ನನಗೆ ಒಂದೇ ಥರದ ಫೋನ್‌ಗಳು ಬರಲು ಶುರುವಾಗುತ್ತವೆ. “ಆಟೋಮ್ಯಾಟಿಕ್ ಗಾಡಿ. ಸುಂಟಿಕೊಪ್ಪ ದಾಟಿ ಏರು ಹತ್ತುವಾಗ ಗೇರ್ ಬದಲಾಗುವುದೇ ಇಲ್ಲ. ಬದಲಾದರೆ ಜರ್ಕ್ ಹೊಡೆಯುತ್ತದೆ. ಗೇರ್‌ಬಾಕ್ಸ್ ಹೋಗಿದೆ ಅಂತಿದ್ದಾರೆ. ಏನು ಮಾಡಲಿ?”

ನಾನು ಕೊಡಗಿನ ಕುಶಾಲನಗರದ ಕಡೆ ಗಾಡಿಗಳ ವೈರಿಂಗ್ ಮತ್ತು ಸ್ಕ್ಯಾನಿಂಗ್ ಕೆಲಸ ಮಾಡುವವನು. ಗೇರ್‌ಬಾಕ್ಸ್ ಬಿಚ್ಚುವುದು ನನ್ನ ಕೆಲಸವಲ್ಲ. ಆದರೆ ಬಿಚ್ಚಬೇಕೋ ಬೇಡವೋ ಅನ್ನುವುದನ್ನು ಬಿಚ್ಚುವ ಮೊದಲೇ ಬಹುಮಟ್ಟಿಗೆ ತಿಳಿಯಬಹುದು. ಅದಕ್ಕೆ ದೊಡ್ಡ ಸಲಕರಣೆ ಬೇಡ. ಒಂದು ತಣ್ಣನೆಯ ಬೆಳಿಗ್ಗೆ, ಒಂದು ಸಣ್ಣ ಸ್ಕ್ಯಾನರ್ ಮತ್ತು ತಾಳ್ಮೆ ಸಾಕು. ಫೋನಿನಲ್ಲಿ ಹೇಳುವುದನ್ನೆಲ್ಲ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಗೇರ್‌ಬಾಕ್ಸಿಗೂ ಎಂಜಿನ್ ಸೆನ್ಸರ್‌ಗೂ ಏನು ಸಂಬಂಧ?

ಮ್ಯಾನುವಲ್ ಗಾಡಿಯಲ್ಲಿ ಯಾವಾಗ ಗೇರ್ ಬದಲಿಸಬೇಕು ಅಂತ ನಿಮ್ಮ ಕಿವಿ, ಕಾಲು ಹೇಳುತ್ತವೆ. ಆಟೋಮ್ಯಾಟಿಕ್‌ನಲ್ಲಿ ಆ ಕೆಲಸ ಟಿಸಿಎಂ ಅನ್ನುವ ಕಂಪ್ಯೂಟರಿನದು. ಅದಕ್ಕೆ ಕಿವಿಯೂ ಇಲ್ಲ, ಕಾಲೂ ಇಲ್ಲ. ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಕಳಿಸುವ ಲೆಕ್ಕವನ್ನೇ ಅದು ಹೆಚ್ಚಾಗಿ ನಂಬುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ, ಎಷ್ಟು ಬಿಸಿಯಾಗಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಅನ್ನುವ ಲೆಕ್ಕ ಅದು.

ಈ ಲೆಕ್ಕದಿಂದ ಎರಡು ತೀರ್ಮಾನ ಆಗುತ್ತವೆ. ಒಂದು, ಗೇರ್ ಯಾವಾಗ ಬದಲಿಸಬೇಕು. ಇನ್ನೊಂದು, ಲೈನ್ ಪ್ರೆಶರ್ ಎಷ್ಟಿರಬೇಕು. ಲೈನ್ ಪ್ರೆಶರ್ ಅಂದರೆ ಗೇರ್‌ಬಾಕ್ಸಿನ ಒಳಗಿನ ಕ್ಲಚ್‌ಗಳನ್ನು ಒತ್ತಿ ಹಿಡಿಯುವ ಆಯಿಲ್ ಒತ್ತಡ. ಸೆನ್ಸರ್ ತಪ್ಪಾಗಿ “ಲೋಡ್ ಜಾಸ್ತಿ” ಅಂದರೆ ಒತ್ತಡ ಏರುತ್ತದೆ. ಗೇರ್ ತಡವಾಗಿ, ಧಡ್ ಅಂತ ಬೀಳುತ್ತದೆ. “ಲೋಡ್ ಕಡಿಮೆ” ಅಂದರೆ ಗೇರ್ ಬೇಗ ಬದಲಾಗುತ್ತದೆ, ಒತ್ತಡ ಸಾಲದೆ ಕ್ಲಚ್ ಜಾರುತ್ತದೆ. ಇದರಲ್ಲಿ ಎರಡನೆಯದೇ ಅಪಾಯ. ಜರ್ಕ್ ಇಲ್ಲವಲ್ಲ ಅಂತ ಓಡಿಸುತ್ತಾ ಹೋದರೆ ಸಣ್ಣ ಸೆನ್ಸರ್ ದೋಷ ನಿಧಾನವಾಗಿ ಕ್ಲಚ್‌ಗಳನ್ನೇ ಸುಡುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಗೇರ್ ಬದಲಾಗುವ ಆ ಒಂದು ಕ್ಷಣ, ಟಿಸಿಎಂ ಕೇಳಿಕೊಂಡಾಗ ಇಸಿಯು ಎಂಜಿನ್ ಶಕ್ತಿಯನ್ನು ಸ್ವಲ್ಪ ಇಳಿಸುತ್ತದೆ. ಮ್ಯಾನುವಲ್‌ನಲ್ಲಿ ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವ ಹಾಗೆ. ಎಂಜಿನ್ ಕಡೆ ದೋಷವಿದ್ದರೆ ಈ ಹೊಂದಾಣಿಕೆ ತಪ್ಪುತ್ತದೆ. ಆಗ ಗೇರ್‌ಬಾಕ್ಸ್ ಗಟ್ಟಿಮುಟ್ಟಾಗಿದ್ದರೂ ಜರ್ಕ್ ಬರುತ್ತದೆ.

ಬೇಕಾಗುವ ಸಾಮಾನು

ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸುವ ಇಎಲ್‌ಎಂ327 ಥರದ ಒಬಿಡಿ ಸ್ಕ್ಯಾನರ್. ಒಬಿಡಿ ಅಂದರೆ ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ರೂಪದಲ್ಲಿ ಬರೆದಿಡುವ ವ್ಯವಸ್ಥೆ. ನಮ್ಮ ದೇಶದಲ್ಲಿ ಒಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದರ ನಂತರದ ಕಾರಾದರೆ ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ. ಜೊತೆಗೆ ಒಂದು ಮಲ್ಟಿಮೀಟರ್, ಟಾರ್ಚ್, ಹಳೇ ಟೂತ್‌ಬ್ರಷ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಬರೆದುಕೊಳ್ಳಲು ಪುಸ್ತಕ. ಓಡಿಸಿ ನೋಡುವಾಗ ಪಕ್ಕದಲ್ಲಿ ಕೂರಲು ಒಬ್ಬರು ಬೇಕೇ ಬೇಕು.

ಹಂತ 1: ಏನಾಗುತ್ತಿದೆ ಅಂತ ಸರಿಯಾಗಿ ಬರೆಯಿರಿ

“ಗೇರ್ ಪ್ರಾಬ್ಲಂ” ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇವುಗಳಲ್ಲಿ ಯಾವುದು ಅಂತ ನೋಡಿ.

ಗೇರ್ ತಡವಾಗಿ ಬೀಳುತ್ತದೆಯೇ? ಬಿದ್ದಾಗ ಧಡ್ ಅನ್ನುತ್ತದೆಯೇ? ಏರಿನಲ್ಲಿ ಮೂರು, ನಾಲ್ಕು, ಮತ್ತೆ ಮೂರು ಅಂತ ಒದ್ದಾಡುತ್ತದೆಯೇ? ಒಂದೇ ಗೇರಿನಲ್ಲಿ ನಿಂತುಬಿಡುತ್ತದೆಯೇ? ಅಥವಾ ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ಮುಳ್ಳು ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲವೇ?

ಮೊದಲ ಮೂರರಲ್ಲಿ ಸೆನ್ಸರ್ ಮೇಲೆ ಸಂಶಯ ಪಡಲು ಒಳ್ಳೆಯ ಕಾರಣವಿದೆ. ನಾಲ್ಕನೆಯದು ಲಿಂಪ್ ಮೋಡ್ ಇರಬಹುದು. ಗಾಡಿ ತನ್ನನ್ನು ಕಾಪಾಡಿಕೊಳ್ಳಲು ಒಂದು ಗೇರಿನಲ್ಲಿ ನಿಂತು ಕುಂಟುತ್ತಾ ಮನೆ ಸೇರುವ ಸ್ಥಿತಿ ಅದು. ಕೊನೆಯದು ಮಾತ್ರ ಹೆಚ್ಚಾಗಿ ಗೇರ್‌ಬಾಕ್ಸಿನ ಒಳಗಿನ ತೊಂದರೆ.

ಯಾವಾಗ ಆಗುತ್ತದೆ ಅನ್ನುವುದನ್ನೂ ಬರೆಯಿರಿ. ಬೆಳಿಗ್ಗೆ ಮಾತ್ರವೇ, ಬಿಸಿಯಾದ ಮೇಲೆಯೇ, ಮಳೆ ಬಂದ ಮರುದಿನವೇ, ನೀರು ನಿಂತ ರಸ್ತೆ ದಾಟಿದ ಮೇಲೆಯೇ? ಮಳೆಗೂ ತೊಂದರೆಗೂ ನಂಟು ಕಂಡರೆ ಮೊದಲ ಸಂಶಯ ವೈರಿಂಗ್ ಮೇಲೆ ಇರಲಿ.

ಒಂದು ಮಾತು. ನಮ್ಮ ಊರಿನ ಏರಿನಲ್ಲಿ ಸ್ವಲ್ಪ ಒದ್ದಾಟ ರೋಗವೇ ಅಲ್ಲ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ನೂರಕ್ಕೆ 12-13ರಷ್ಟು ಕಡಿಮೆ. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿಗೆ ಅಷ್ಟೇ ಉಸಿರು ಕಡಿಮೆ. ಐದು ಜನ, ಡಿಕ್ಕಿ ತುಂಬ ಸಾಮಾನು ಇದ್ದರೆ ಅದು ಕೆಳಗಿನ ಗೇರಿಗೆ ಇಳಿದೇ ಇಳಿಯುತ್ತದೆ. ಎಲ್ ಅಥವಾ ಮ್ಯಾನುವಲ್ ಮೋಡ್‌ಗೆ ಹಾಕಿದಾಗ ಒದ್ದಾಟ ನಿಂತು ಗಾಡಿ ನೆಮ್ಮದಿಯಾಗಿ ಹತ್ತಿದರೆ, ಚೆಕ್ ಎಂಜಿನ್ ಲೈಟೂ ಇಲ್ಲದಿದ್ದರೆ, ದುಡ್ಡು ಖರ್ಚು ಮಾಡಬೇಡಿ.

ಹಂತ 2: ನಿಮ್ಮದು ಯಾವ ಥರದ ಆಟೋಮ್ಯಾಟಿಕ್?

ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಅಲ್ಲ. ಟಾರ್ಕ್ ಕನ್ವರ್ಟರ್ ಹಳೆಯ ನಂಬಿಕಸ್ಥ ಬಗೆ. ಅದು ಆಯಿಲ್ ಮೂಲಕ ಶಕ್ತಿ ದಾಟಿಸುತ್ತದೆ. ಸಿವಿಟಿಯಲ್ಲಿ ಗೇರ್‌ಗಳ ಬದಲು ಉಕ್ಕಿನ ಬೆಲ್ಟ್ ಅಥವಾ ಚೈನ್ ಇರುತ್ತದೆ. ಡಿಸಿಟಿಯಲ್ಲಿ ಎರಡು ಕ್ಲಚ್. ಎಎಂಟಿ ಅನ್ನುವುದು ನಿಜವಾಗಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಮೇಲೆ ನಮ್ಮ ಕಡೆಯೂ ಇದೇ ಜಾಸ್ತಿ ಕಾಣಿಸುತ್ತದೆ.

ಎಎಂಟಿಯಲ್ಲಿ ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದೆ ಹೋಗಿ ಬರುವುದು ಸಹಜ. ಸಿವಿಟಿಯಲ್ಲಿ ಆರ್‌ಪಿಎಂ ಏರಿ ಗಾಡಿ ನಿಧಾನಕ್ಕೆ ಹಿಂಬಾಲಿಸುವುದೂ ಸಹಜ. ಇವನ್ನು ದೋಷ ಅಂದುಕೊಂಡು ಬರುವವರು ಬಹಳ ಜನ. ಗಾಡಿ ಹೊಸದಾಗಿದ್ದಾಗ ಹೇಗಿತ್ತು, ಈಗ ಏನು ಬದಲಾಗಿದೆ ಅನ್ನುವುದೇ ಅಳತೆಗೋಲು.

ಹಂತ 3: ಬ್ಯಾಟರಿ ಮತ್ತು ಅರ್ಥಿಂಗ್

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ವೋಲ್ಟೇಜ್ ಕುಸಿದರೆ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಸುಳ್ಳು ಹೇಳುತ್ತವೆ.

ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಸುತ್ತಮುತ್ತ ಇರಬೇಕು. 12.2 ಅಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7. ಎಎಂಟಿ ಗಾಡಿಯಲ್ಲಿ ಇದಕ್ಕೆ ಇನ್ನೂ ಜಾಸ್ತಿ ಬೆಲೆ ಕೊಡಿ. ಅದರ ಗೇರ್ ಹಾಕುವ ಯಂತ್ರ ನಡೆಯುವುದೇ ಕರೆಂಟಿನಿಂದ.

ಅರ್ಥಿಂಗ್, ಅಂದರೆ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ನಿಗೂ ನಡುವಿನ ಜೋಡಣೆ, ನೋಡುವುದು ಹೀಗೆ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹಾಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಸ್ವಚ್ಛ ಲೋಹಕ್ಕೆ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಪಟ್ಟಿ ಬಿಚ್ಚಿ, ತುಕ್ಕು ಕೆರೆದು, ಬಿಗಿಯಾಗಿ ಕೂರಿಸಿ.

ಎಚ್ಚರಿಕೆ: ಕೋಡ್ ಓದುವ ಮೊದಲು ಬ್ಯಾಟರಿ ತೆಗೆಯಬೇಡಿ. “ಬ್ಯಾಟರಿ ತೆಗೆದು ಹಾಕಿ, ಸರಿ ಹೋಗುತ್ತೆ” ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದರಿಂದ ಬಹಳಷ್ಟು ಗಾಡಿಗಳಲ್ಲಿ ಕೋಡ್‌ಗಳು ಅಳಿಸಿ ಹೋಗುತ್ತವೆ. ಕಳ್ಳನ ಹೆಜ್ಜೆ ಗುರುತನ್ನು ನಾವೇ ಗುಡಿಸಿ ಹಾಕಿದ ಹಾಗೆ.

ಹಂತ 4: ಕೋಡ್ ಓದಿ, ಆದರೆ ಕೋಡನ್ನೇ ತೀರ್ಪು ಅಂದುಕೊಳ್ಳಬೇಡಿ

ಕೀ ಆನ್ ಮಾಡಿ, ಸ್ಕ್ಯಾನರ್ ಚುಚ್ಚಿ, ಬಂದ ಕೋಡ್‌ಗಳನ್ನೆಲ್ಲ ಬರೆದುಕೊಳ್ಳಿ. ಫ್ರೀಜ್ ಫ್ರೇಮ್ ಇದ್ದರೆ ಅದರ ಫೋಟೋ ತೆಗೆಯಿರಿ. ಫ್ರೀಜ್ ಫ್ರೇಮ್ ಅಂದರೆ ದೋಷ ಬಂದ ಕ್ಷಣದಲ್ಲಿ ವೇಗ, ಬಿಸಿ, ಆರ್‌ಪಿಎಂ ಎಷ್ಟಿತ್ತು ಅನ್ನುವ ದಾಖಲೆ.

ಗೇರ್ ತೊಂದರೆ ಅಂತ ಬರುವ ಗಾಡಿಗಳಲ್ಲಿ ನೋಡಬೇಕಾದ ಎಂಜಿನ್ ಕೋಡ್‌ಗಳು ಇವು:

ಪಿ0101ರಿಂದ ಪಿ0103: ಎಂಎಎಫ್, ಅಂದರೆ ಗಾಳಿ ಅಳೆಯುವ ಸೆನ್ಸರ್.
ಪಿ0106ರಿಂದ ಪಿ0108: ಮ್ಯಾಪ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್.
ಪಿ0116ರಿಂದ ಪಿ0118: ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವದ ಬಿಸಿ ಅಳೆಯುವ ಸೆನ್ಸರ್. ಪಿ0128 ಬಂದರೆ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಕ್ಕಂತೆ ಕೂಲೆಂಟ್ ದಾರಿಯನ್ನು ತೆರೆದು ಮುಚ್ಚುವ ವಾಲ್ವ್.
ಪಿ0121ರಿಂದ ಪಿ0123, ಪಿ2135: ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ ಸೆನ್ಸರ್. ಪಿ2138: ಆಕ್ಸಿಲರೇಟರ್ ಪೆಡಲ್ ಸೆನ್ಸರ್.
ಪಿ0335: ಕ್ರ್ಯಾಂಕ್ ಸೆನ್ಸರ್, ಎಂಜಿನ್ ತಿರುಗುವ ವೇಗ ಹೇಳುವುದು.
ಪಿ0571: ಬ್ರೇಕ್ ಸ್ವಿಚ್.
ಯು0100, ಯು0101: ಎರಡು ಕಂಪ್ಯೂಟರ್‌ಗಳ ನಡುವೆ ಮಾತು ನಿಂತಿದೆ. ವೈರಿಂಗ್, ಫ್ಯೂಸ್ ನೋಡಿ.

ಪಿ0700 ಬಂದರೆ ಗಾಬರಿ ಬೇಡ. “ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಬೇರೆ ಕೋಡ್ ಇದೆ, ಅಲ್ಲಿ ಹೋಗಿ ಕೇಳಿ” ಅನ್ನುವುದಷ್ಟೇ ಅದರ ಅರ್ಥ. ಅಗ್ಗದ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಎಂಜಿನ್ ಮಾತ್ರ ಓದುತ್ತವೆ, ಟಿಸಿಎಂ ಓದುವುದಿಲ್ಲ. ಆಗ ಒಳ್ಳೆಯ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ ಟಿಸಿಎಂ ಕೋಡ್ ಓದಿಸಿಕೊಳ್ಳಿ. ಪಿ0700 ನೋಡಿಯೇ “ಗೇರ್‌ಬಾಕ್ಸ್ ಹೋಗಿದೆ” ಅಂದರೆ ಆ ಮಾತು ಒಪ್ಪಬೇಡಿ.

ಇಲ್ಲಿಯೇ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು. ಪಿ0121 ಅಂದರೆ “ಥ್ರಾಟಲ್ ಸೆನ್ಸರ್ ಕೆಟ್ಟಿದೆ” ಅಂತ ಅಲ್ಲ. “ಥ್ರಾಟಲ್ ಸೆನ್ಸರಿನಿಂದ ಬರುವ ಲೆಕ್ಕ ಹೊಂದುತ್ತಿಲ್ಲ” ಅಂತ. ಸೆನ್ಸರ್, ಅದರ ವೈರು, ಕಪ್ಲರ್ (ಸೆನ್ಸರಿಗೆ ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್), ಅರ್ಥಿಂಗ್, ಥ್ರಾಟಲ್ ಬಾಡಿಯ ಕೊಳೆ, ಯಾವುದೂ ಕಾರಣ ಆಗಿರಬಹುದು. ಕೋಡ್ ಬೀದಿ ತೋರಿಸುತ್ತದೆ, ಮನೆ ನೀವೇ ಹುಡುಕಬೇಕು.

ಹಂತ 5: ಬೆಳಿಗ್ಗೆ, ತಣ್ಣನೆ ಎಂಜಿನ್‌ನಲ್ಲಿ ಲೈವ್ ಡೇಟಾ

ಸೆನ್ಸರ್‌ಗಳು ಆ ಕ್ಷಣ ಏನು ಹೇಳುತ್ತಿವೆ ಅನ್ನುವುದು ಲೈವ್ ಡೇಟಾ. ನನಗೆ ತುಂಬಾ ನಂಬಿಕೆ ಇರುವ ಪರೀಕ್ಷೆ ಇದು. ಕೆಟ್ಟ ಸೆನ್ಸರ್ ಕೋಡ್ ಹಾಕದೆಯೂ ತಿಂಗಳುಗಟ್ಟಲೆ ತಪ್ಪು ಹೇಳುತ್ತಾ ಇರಬಹುದು. ಲೈವ್ ಡೇಟಾದಲ್ಲಿ ಅದು ಸಿಕ್ಕಿಬೀಳುತ್ತದೆ.

ರಾತ್ರಿಯೆಲ್ಲ ನಿಂತ ಗಾಡಿ ಇರಬೇಕು. ಸ್ಟಾರ್ಟ್ ಮಾಡಬೇಡಿ. ಕೀ ಮಾತ್ರ ಆನ್ ಮಾಡಿ ಎರಡು ವಿಷಯ ನೋಡಿ.

ಮೊದಲನೆಯದು ಬಿಸಿ. ಕೂಲೆಂಟ್ ಮತ್ತು ಇನ್‌ಟೇಕ್ ಗಾಳಿ (ಎಂಜಿನ್ ಒಳಗೆ ಎಳೆಯುವ ಗಾಳಿ), ಎರಡರ ಬಿಸಿಯೂ ಹೆಚ್ಚು ಕಡಿಮೆ ಒಂದೇ ಇರಬೇಕು. ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಪರವಾಗಿಲ್ಲ. ಡಿಸೆಂಬರಿನ ಬೆಳಿಗ್ಗೆ ಹೊರಗೆ 14 ಡಿಗ್ರಿ ಇದ್ದು, ಕೂಲೆಂಟ್ ಸೆನ್ಸರ್ 35 ಅಂದರೆ ಅದು ಸುಳ್ಳು. ಮೈನಸ್ 40 ತೋರಿಸಿದರೆ ವೈರ್ ಕಡಿದಿದೆ ಅಥವಾ ಕಪ್ಲರ್ ಕಳಚಿದೆ.

ಕೂಲೆಂಟ್ ಬಿಸಿಗೂ ಗೇರಿಗೂ ಏನು ಅಂತ ಕೇಳಬಹುದು. ಎಂಜಿನ್ ತಣ್ಣಗಿರುವವರೆಗೆ ಟಿಸಿಎಂ ಬೇಕಂತಲೇ ಗೇರ್ ತಡವಾಗಿ ಬದಲಿಸುತ್ತದೆ. ಟಾರ್ಕ್ ಕನ್ವರ್ಟರ್ ಗಾಡಿಗಳಲ್ಲಿ ಲಾಕಪ್ ಕೂಡ ಹಾಕುವುದಿಲ್ಲ. ಲಾಕಪ್ ಅಂದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಕಟ್ಟಿ ಹಾಕುವ ಕ್ಲಚ್. ಸೆನ್ಸರ್ ಯಾವಾಗಲೂ “ತಣ್ಣಗಿದೆ” ಅನ್ನುತ್ತಿದ್ದರೆ ಗಾಡಿ ಎಷ್ಟು ದೂರ ಓಡಿದರೂ ಬೆಳಗಿನ ಸೋಮಾರಿತನ ಬಿಡುವುದಿಲ್ಲ. ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ.

ಕೆಳಗೆ ಹೇಳುವ ಮ್ಯಾಪ್ ಸಂಖ್ಯೆಯನ್ನೂ ಬರೆದುಕೊಂಡ ಮೇಲೆ ಸ್ಟಾರ್ಟ್ ಮಾಡಿ ನೋಡುತ್ತಾ ಇರಿ. ಕೂಲೆಂಟ್ ಬಿಸಿ ಎಲ್ಲೂ ನೆಗೆಯದೆ ನಿಧಾನವಾಗಿ ಏರಬೇಕು. ಹೆಚ್ಚಿನ ಗಾಡಿಗಳಲ್ಲಿ 80ರಿಂದ 95-100 ಡಿಗ್ರಿಯ ನಡುವೆ ನಿಲ್ಲುತ್ತದೆ. ಮಡಿಕೇರಿಯಿಂದ ಮಂಗಳೂರು ಕಡೆಗೆ ಸಂಪಾಜೆ ಘಾಟಿ ಇಳಿಯುವಾಗ 60ರ ಆಸುಪಾಸಿಗೆ ಇಳಿದುಬಿಟ್ಟರೆ ಸೆನ್ಸರ್ ಅಲ್ಲ, ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಡೀಸೆಲ್ ಗಾಡಿ ಉದ್ದ ಇಳಿಜಾರಿನಲ್ಲಿ ಒಂದಿಷ್ಟು ತಣ್ಣಗಾಗುವುದು ಸಹಜ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸೆನ್ಸರ್ ಮೇಲೆಯೇ ಸಂಶಯ ಇದ್ದರೆ ಕಪ್ಲರ್ ಕಳಚಿ ಮಲ್ಟಿಮೀಟರಿನಲ್ಲಿ ಓಮ್ಸ್ ಅಳೆಯಿರಿ. ಬಹುತೇಕ ಸೆನ್ಸರ್‌ಗಳು 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್ಸ್, 80 ಡಿಗ್ರಿಯಲ್ಲಿ 200ರಿಂದ 400 ಓಮ್ಸ್ ತೋರಿಸುತ್ತವೆ.

ಎರಡನೆಯದು ಮ್ಯಾಪ್. ಇದಕ್ಕೆ ನಮ್ಮ ಜಿಲ್ಲೆಯಲ್ಲಿ ಬೇರೆಯೇ ಲೆಕ್ಕ. ಎಂಜಿನ್ ಓಡದಿರುವಾಗ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ 101 ಕಿಲೋಪ್ಯಾಸ್ಕಲ್ ಅಂತ ಸಿಗುತ್ತದೆ. ಅದು ಸಮುದ್ರ ಮಟ್ಟದ್ದು, ಮಂಗಳೂರಿಗೆ ಸರಿ. ಮಡಿಕೇರಿಯಲ್ಲಿ 88ರ ಹತ್ತಿರ ಇರಬೇಕು. ಕುಶಾಲನಗರದಲ್ಲಿ 92ರ ಹತ್ತಿರ. ಹವಾಮಾನಕ್ಕೆ ತಕ್ಕಂತೆ ಒಂದಷ್ಟು ಆಚೀಚೆ ಆಗುತ್ತದೆ. ಮಡಿಕೇರಿಯಲ್ಲಿ ನಿಂತ ಗಾಡಿ 88 ತೋರಿಸುವುದನ್ನು ಕಂಡು ಸೆನ್ಸರ್ ಹೋಗಿದೆ ಅಂತ ಬದಲಿಸಿದವರಿದ್ದಾರೆ. ಅಲ್ಲಿ 101 ತೋರಿಸಿದರೆ ಮಾತ್ರ ಅದು ಅನುಮಾನದ ಸೆನ್ಸರ್.

ಸ್ಟಾರ್ಟ್ ಮಾಡಿದ ಮೇಲೆ, ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ತಾನಾಗಿ ಓಡುತ್ತಾ) ನಿಂತಾಗ ಪೆಟ್ರೋಲ್ ಗಾಡಿಯಲ್ಲಿ ಇದು 30ರಿಂದ 40ಕ್ಕೆ ಇಳಿಯಬೇಕು. ಎಸಿ ಹಾಕಿದರೆ ಸ್ವಲ್ಪ ಏರುತ್ತದೆ. ಎಸಿ ಇಲ್ಲದೆಯೂ 50ರ ಮೇಲೆಯೇ ನಿಂತರೆ ಎಲ್ಲೋ ರಬ್ಬರ್ ಪೈಪ್ ಸೀಳಿ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿರಬಹುದು. ಹೀಗಿರುವ ಗಾಡಿಯಲ್ಲಿ ಐಡ್ಲಿಂಗ್ ಜಾಸ್ತಿ ಇರುತ್ತದೆ. ಎನ್‌ನಿಂದ ಡಿಗೆ ಹಾಕಿದ ತಕ್ಷಣ ಧಡ್ ಅಂತ ಹೊಡೆಯುವುದಕ್ಕೆ ಇದೂ ಒಂದು ಕಾರಣ. ಡೀಸೆಲ್‌ಗೆ ಈ ಅಳತೆ ಹಾಕಬೇಡಿ. ಅದರಲ್ಲಿ ಒತ್ತಡ ಹೀಗೆ ಇಳಿಯುವುದಿಲ್ಲ.

ಹಂತ 6: ಥ್ರಾಟಲ್ ಮತ್ತು ಪೆಡಲ್

ಎಂಜಿನ್ ಆಫ್, ಕೀ ಆನ್. ಆ್ಯಪಿನಲ್ಲಿ ಪೆಡಲ್ ಪೊಸಿಷನ್ ಗ್ರಾಫ್ ಹಾಕಿ. ಪೆಡಲನ್ನು ಹತ್ತು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಪೂರ್ತಿ ಒತ್ತಿ, ಅಷ್ಟೇ ನಿಧಾನವಾಗಿ ಬಿಡಿ. ಗೆರೆ ಮಡಿಕೇರಿ ಗುಡ್ಡದ ಹಾಗೆ ನುಣ್ಣಗೆ ಏರಿ ಇಳಿಯಬೇಕು. ನಡುವೆ ಎಲ್ಲಾದರೂ ಬಿದ್ದು ಎದ್ದರೆ ಆ ಜಾಗದಲ್ಲಿ ಸೆನ್ಸರ್ ಸವೆದಿದೆ, ಅಥವಾ ವೈರ್ ಸಡಿಲ ಇದೆ. ನೀವು ದಿನಾ ಓಡಿಸುವಾಗ ಕಾಲು ನಿಲ್ಲುವ ಜಾಗವೇ ಬೇಗ ಸವೆಯುತ್ತದೆ. ಅದಕ್ಕೇ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗೇರ್ ಸುಮ್ನೆ ಮೇಲೆ ಕೆಳಗೆ ಆಡುವುದು.

ಪೆಡಲ್ ಸೆನ್ಸರಿನಲ್ಲಿ ಎರಡು ಸಿಗ್ನಲ್ ಇರುತ್ತವೆ. ಎಷ್ಟೋ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ. ಎರಡೂ ಜೊತೆಯಾಗಿ ಏರಬೇಕು. ಇನ್ನು ಥ್ರಾಟಲ್, ಕಾಲು ತೆಗೆದಾಗಲೂ ಸೊನ್ನೆ ತೋರಿಸುವುದಿಲ್ಲ. 10ರಿಂದ 18 ಪರ್ಸೆಂಟ್ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಎಚ್ಚರಿಕೆ: ಕೀ ಆನ್ ಇರುವಾಗ ಥ್ರಾಟಲ್ ಬಾಡಿಯ ಒಳಗೆ ಬೆರಳು ಹಾಕಬೇಡಿ. ಅದರ ತಟ್ಟೆಯನ್ನು ಮೋಟಾರ್ ಮುಚ್ಚುತ್ತದೆ, ಬೆರಳು ಸಿಕ್ಕಿಕೊಳ್ಳುತ್ತದೆ.

ಇದೇ ಹೊತ್ತಿಗೆ ಬ್ರೇಕ್ ಲೈಟ್ ನೋಡಿಬಿಡಿ. ಬ್ರೇಕ್ ಒತ್ತದೆಯೂ ಹಿಂದಿನ ಲೈಟ್ ಉರಿಯುತ್ತಿದ್ದರೆ ಬ್ರೇಕ್ ಸ್ವಿಚ್ ಸಿಕ್ಕಿಕೊಂಡಿದೆ. ಗಾಡಿ ನೀವು ಬ್ರೇಕ್ ಮೇಲೆ ಕಾಲಿಟ್ಟೇ ಓಡಿಸುತ್ತಿದ್ದೀರಿ ಅಂದುಕೊಂಡು ಲಾಕಪ್ ಹಾಕುವುದಿಲ್ಲ. ಬ್ರೇಕ್ ಒತ್ತಿದಾಗ ಲೈಟ್ ಬರದೇ ಇದ್ದರೆ ಪಿ ಇಂದ ಗೇರ್ ಲಿವರ್ ಕದಲದೇ ಇರಬಹುದು, ಎಎಂಟಿ ಸ್ಟಾರ್ಟೇ ಆಗದಿರಬಹುದು. ಸಣ್ಣ ಸ್ವಿಚ್. ಇದಕ್ಕಾಗಿ ಗಾಡಿಯನ್ನು ಮೈಸೂರಿಗೆ ಸಾಗಿಸಿದವರನ್ನು ಕಂಡು ನನಗೆ ಬೇಜಾರಾಗಿದೆ.

ಹಂತ 7: ಎಂಎಎಫ್ ಇದ್ದರೆ

ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅನೇಕಕ್ಕೆ ಇದು ಇರುವುದೇ ಇಲ್ಲ, ಮ್ಯಾಪ್ ಮಾತ್ರ. ಇದ್ದರೆ ಏರ್ ಫಿಲ್ಟರ್ ಡಬ್ಬಿಯ ಪಕ್ಕದ ಪೈಪಿನಲ್ಲಿ ಇರುತ್ತದೆ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಸಣ್ಣ ಎಂಜಿನ್‌ಗೆ ಸೆಕೆಂಡಿಗೆ ಎರಡು ಗ್ರಾಂ ಆಸುಪಾಸು, ದೊಡ್ಡ ಎಂಜಿನ್‌ಗೆ ಅದಕ್ಕೆ ತಕ್ಕಂತೆ ಜಾಸ್ತಿ ತೋರಿಸಬೇಕು. ಆಕ್ಸಿಲರೇಟರ್ ಒತ್ತಿದ ತಕ್ಷಣ ಸಂಖ್ಯೆ ಚಟ್ ಅಂತ ಏರಬೇಕು.

ತೋಟದ ಕೆಮ್ಮಣ್ಣು ದಾರಿಯಲ್ಲಿ ಓಡುವ ಗಾಡಿಗಳಲ್ಲಿ ಫಿಲ್ಟರ್ ಬೇಗ ಕಟ್ಟುತ್ತದೆ. ಫಿಲ್ಟರ್ ಸರಿಯಾಗಿ ಕೂರದಿದ್ದರೆ ಸಣ್ಣ ಧೂಳು ಸೆನ್ಸರಿನ ತಂತಿಗೆ ಅಂಟುತ್ತದೆ. ಆಗ ಅದು ಗಾಳಿಯನ್ನು ಕಡಿಮೆ ಹೇಳುತ್ತದೆ. ಮೊದಲೇ ಹೇಳಿದೆನಲ್ಲ, “ಲೋಡ್ ಕಡಿಮೆ” ಅನ್ನುವ ಆ ಅಪಾಯದ ಸುಳ್ಳು.

ಎಂಎಎಫ್‌ಗೇ ಅಂತ ಸಿಗುವ ಕ್ಲೀನರ್ ಸ್ಪ್ರೇ ಮಾತ್ರ ಬಳಸಿ. ಕಾರ್ಬುರೇಟರ್ ಕ್ಲೀನರ್ ಹೊಡೆಯಬೇಡಿ. ಬಟ್ಟೆ, ಬ್ರಷ್ ಏನನ್ನೂ ತಂತಿಗೆ ತಾಗಿಸಬೇಡಿ. ಪೂರ್ತಿ ಆರಿದ ಮೇಲೆಯೇ ಹಾಕಿ.

ಹಂತ 8: ವೈರು, ಕಪ್ಲರ್, ಇಲಿ

ಕೊಡಗಿನಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲಿಯೇ. ಸೆನ್ಸರ್ ತಾನಾಗಿ ಸಾಯುವುದಕ್ಕಿಂತ ಅದರ ವೈರನ್ನು ಮಳೆ ಮತ್ತು ಇಲಿ ಕೊಲ್ಲುವುದೇ ಜಾಸ್ತಿ.

ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ವಾರಗಟ್ಟಲೆ ಏನೂ ಒಣಗುವುದಿಲ್ಲ. ಬಟ್ಟೆಯೇ ಒಣಗದ ಮೇಲೆ ಕಪ್ಲರ್ ಒಳಗಿನ ಪಿನ್ ಒಣಗುತ್ತದೆಯೇ? ಪಿನ್ನಿನ ಮೇಲೆ ಹಸಿರು ಪುಡಿ ಕಂಡರೆ ತಾಮ್ರ ಕೊಳೆಯುತ್ತಿದೆ ಅಂತ ಅರ್ಥ. ಬ್ಯಾಟರಿಯ ನೆಗೆಟಿವ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಒಣಗಿಸಿ. ರಬ್ಬರ್ ಸೀಲ್ ಜಾಗದಲ್ಲಿ ಇದೆಯೇ ನೋಡಿ. ಸೀಲ್ ಹೋಗಿದ್ದರೆ ಎಷ್ಟು ಸಲ ಉಜ್ಜಿದರೂ ಮುಂದಿನ ಮಳೆಗೆ ಅದೇ ಕಥೆ.

ಇಲಿಯದ್ದು ಇನ್ನೊಂದು. ಮಳೆಗಾಲದಲ್ಲಿ ಬೆಚ್ಚನೆಯ ಎಂಜಿನ್ ಅದಕ್ಕೆ ಒಳ್ಳೆಯ ಗೂಡು. ಕಾಫಿ, ಭತ್ತ ಇಡುವ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ತಿಂಗಳಿಗೊಮ್ಮೆಯಾದರೂ ಬಾನೆಟ್ ತೆರೆದು ಟಾರ್ಚ್ ಹಾಕಿ ನೋಡಿ. ಹಿಕ್ಕೆ, ಎಲೆ, ಹುಲ್ಲು ಕಂಡರೆ ವೈರಿಂಗನ್ನು ಬೆರಳಿನಲ್ಲಿ ಸವರುತ್ತಾ ಹೋಗಿ. ನನ್ನ ಭಾವನ ಗಾಡಿಗೆ ಗೇರ್‌ಬಾಕ್ಸ್ ಬದಲಿಸಬೇಕು ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದ್ದರು. ನೋಡಿದರೆ ಮ್ಯಾಪ್ ಸೆನ್ಸರಿನ ಒಂದು ವೈರನ್ನು ಇಲಿ ಮುಕ್ಕಾಲು ಕಡಿದಿತ್ತು. ಒಂದು ಗೇಣು ವೈರ್ ಹಾಕಿ ಬೆಸುಗೆ ಮಾಡಿದೆ. ಗಾಡಿ ಇವತ್ತಿಗೂ ಅದೇ ಗೇರ್‌ಬಾಕ್ಸಿನಲ್ಲಿ ಓಡುತ್ತಿದೆ.

ಕಣ್ಣಿಗೆ ಕಾಣದ ಕಡಿತ ಹುಡುಕಲು ಅಲ್ಲಾಡಿಸಿ ನೋಡುವ ಪರೀಕ್ಷೆ ಇದೆ. ಗೇರ್ ಪಿಯಲ್ಲಿ (ಪಿ ಇಲ್ಲದ ಗಾಡಿಯಾದರೆ ಎನ್‌ನಲ್ಲಿ), ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಐಡ್ಲಿಂಗ್‌ನಲ್ಲಿ ಇರಲಿ. ಒಬ್ಬರು ಫೋನಿನಲ್ಲಿ ಗ್ರಾಫ್ ನೋಡಲಿ. ನೀವು ಒಂದೊಂದೇ ಸೆನ್ಸರಿನ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಗೆರೆ ನೆಗೆದ ಜಾಗದಲ್ಲೇ ತೊಂದರೆ. ಫ್ಯಾನ್ ಮತ್ತು ಬೆಲ್ಟ್ ಹತ್ತಿರ ಕೈ, ಶಾಲು, ಸಡಿಲ ತೋಳು ಹೋಗದ ಹಾಗೆ ನೋಡಿಕೊಳ್ಳಿ.

ಎಚ್ಚರಿಕೆ: ವೋಲ್ಟೇಜ್ ನೋಡಲು ವೈರಿನ ಮೇಲ್ಪದರಕ್ಕೆ ಪಿನ್ ಚುಚ್ಚಬೇಡಿ. ಬೇರೆ ಊರಿನಲ್ಲಿ ನಡೆಯಬಹುದು, ನಮ್ಮ ಮಳೆಗೆ ಆ ಸಣ್ಣ ತೂತೇ ಸಾಕು. ಕಪ್ಲರಿನ ಹಿಂಬದಿಯಿಂದ ಅಳೆಯಿರಿ.

ಎಬಿಎಸ್ ಲೈಟೂ ಜೊತೆಯಲ್ಲಿ ಉರಿಯುತ್ತಿದ್ದರೆ ಚಕ್ರಗಳ ಹತ್ತಿರ ಹೋಗಿ. ಎಷ್ಟೋ ಗಾಡಿಗಳಲ್ಲಿ ಟಿಸಿಎಂ ವೇಗ ತಿಳಿಯುವುದು ಚಕ್ರದ ಸೆನ್ಸರ್‌ಗಳಿಂದ. ಅದರ ವೈರ್ ಗುಂಡಿ, ಕೆಸರು, ಕಲ್ಲಿಗೆ ಸಿಕ್ಕಿ ಹರಿದಿರಬಹುದು.

ಹಂತ 9: ಓಡಿಸಿ ನೋಡುವುದು

ಎರಡು ಥರದ ರಸ್ತೆ ಬೇಕು. ಕುಶಾಲನಗರ ದಾಟಿ ಬೈಲಕುಪ್ಪೆ ಕಡೆಯ ರಸ್ತೆ ಒಂದೇ ವೇಗದ ಪರೀಕ್ಷೆಗೆ. ಗುಡ್ಡೆಹೊಸೂರು, ಸುಂಟಿಕೊಪ್ಪ, ಮಡಿಕೇರಿ ಏರು ಲೋಡ್ ಪರೀಕ್ಷೆಗೆ. ಕೇರಳದ ಕಡೆ ಇಳಿಯುವ ಮಾಕುಟ್ಟ ಘಾಟಿಯಲ್ಲಾಗಲಿ, ತಿತಿಮತಿ–ಆನೆಚೌಕೂರು ಕಾಡಿನಲ್ಲಾಗಲಿ ಪರೀಕ್ಷೆ ಮಾಡಬೇಡಿ. ಕೆಟ್ಟು ನಿಂತರೆ ಇಳಿದು ಬಾನೆಟ್ ತೆರೆಯುವ ಜಾಗಗಳಲ್ಲ ಅವು.

ಆರ್‌ಪಿಎಂ, ವೇಗ, ಥ್ರಾಟಲ್, ಕೂಲೆಂಟ್ ಬಿಸಿ, ಮ್ಯಾಪ್ ಅಥವಾ ಎಂಎಎಫ್, ಇವು ರೆಕಾರ್ಡ್ ಆಗುವಂತೆ ಆ್ಯಪಿನಲ್ಲಿ ಹಾಕಿ. ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಜರ್ಕ್ ಬಂದಾಗ ಅವರು ಸಮಯ ಬರೆದುಕೊಳ್ಳಲಿ. ಮನೆಗೆ ಬಂದು ಹೊಂದಿಸಿ ನೋಡಿ.

ಜರ್ಕ್ ಬಂದ ಕ್ಷಣದಲ್ಲೇ ಥ್ರಾಟಲ್ ಅಥವಾ ಮ್ಯಾಪ್ ಸಂಖ್ಯೆ ಕಾರಣವಿಲ್ಲದೆ ನೆಗೆದಿದ್ದರೆ, ಹುಡುಕುತ್ತಿದ್ದದ್ದು ಸಿಕ್ಕಿತು. ಆರ್‌ಪಿಎಂ ಒಂದು ಕ್ಷಣ ಸೊನ್ನೆಗೆ ಬಿದ್ದು ಎದ್ದಿದ್ದರೆ ಕ್ರ್ಯಾಂಕ್ ಸೆನ್ಸರ್ ಅಥವಾ ಅದರ ವೈರ್. ಇದು ಬಿಸಿಯಾದಾಗ ಮಾತ್ರ ತೊಂದರೆ ಕೊಡುವುದು ಜಾಸ್ತಿ. ಎಲ್ಲ ಗೆರೆಗಳೂ ನುಣ್ಣಗಿದ್ದು, ವೇಗ ಏರದೆ ಆರ್‌ಪಿಎಂ ಮಾತ್ರ ಏರಿದ್ದರೆ ಗೇರ್‌ಬಾಕ್ಸ್ ಕಡೆ ತಿರುಗಿ.

ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ 60-70ರ ವೇಗದಲ್ಲಿ ಸಣ್ಣ ನಡುಕ ಬರುತ್ತಿದ್ದರೆ ಇನ್ನೊಂದು ಪರೀಕ್ಷೆ. ಹಿಂದೆ ಗಾಡಿ ಇಲ್ಲದಾಗ, ಆಕ್ಸಿಲರೇಟರ್ ಹಾಗೇ ಇಟ್ಟು ಬ್ರೇಕ್ ಪೆಡಲನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಲಾಕಪ್ ಬಿಡುತ್ತದೆ. ನಡುಕ ತಕ್ಷಣ ನಿಂತರೆ ಲಾಕಪ್ ಕ್ಲಚ್ ಅಥವಾ ಆಯಿಲ್ ಮೇಲೆ ಸಂಶಯ. ನಿಲ್ಲದಿದ್ದರೆ ಎಂಜಿನ್ ಮಿಸ್‌ಫೈರ್ ಇರಬಹುದು, ಅಂದರೆ ಪ್ಲಗ್ ಅಥವಾ ಕಾಯಿಲ್ ಸರಿಯಾಗಿ ಕಿಡಿ ಕೊಡದಿರಬಹುದು.

ಹಂತ 10: ಒಂದು ಸಲಕ್ಕೆ ಒಂದೇ ರಿಪೇರಿ

ಮೂರು ಸೆನ್ಸರ್ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಎಂದೂ ತಿಳಿಯುವುದಿಲ್ಲ. ಒಂದು ಸರಿ ಮಾಡಿ, ಕೋಡ್ ಅಳಿಸಿ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ. ಕೋಡ್ ಅಳಿಸಿದ ಮೇಲೆ ಮೊದಲ ಒಂದೆರಡು ದಿನ ಗೇರ್ ಸ್ವಲ್ಪ ಒರಟಾಗಿ ಬೀಳಬಹುದು. ಕಂಪ್ಯೂಟರ್ ಹೊಸದಾಗಿ ಕಲಿಯುತ್ತಿರುತ್ತದೆ. ಮೆಲ್ಲಗೆ ಓಡಿಸಿ. ಎಎಂಟಿ, ಡಿಸಿಟಿಯಲ್ಲಿ ಕ್ಲಚ್ ಅಥವಾ ಟಿಸಿಎಂ ಮುಟ್ಟಿದ್ದರೆ ಮಾತ್ರ ದೊಡ್ಡ ಸ್ಕ್ಯಾನರಿನಲ್ಲಿ ಕಲಿಸಲೇಬೇಕು.

ಗೇರ್‌ಬಾಕ್ಸೇ ಅನ್ನುವುದು ಯಾವಾಗ?

ಡಿಗೆ ಹಾಕಿ ಎರಡು ಮೂರು ಸೆಕೆಂಡಾದರೂ ಗಾಡಿ ಕದಲದಿದ್ದರೆ, ಆಯಿಲ್ ಕಪ್ಪಗಾಗಿ ಸುಟ್ಟ ವಾಸನೆ ಬಂದರೆ, ಟಿಸಿಎಂನಲ್ಲಿ ಪಿ0730 ಥರದ ಗೇರ್ ಅನುಪಾತದ ಕೋಡ್ ಬಂದರೆ ಗೇರ್‌ಬಾಕ್ಸ್ ತಿಳಿದವರ ಹತ್ತಿರ ಹೋಗಿ. ಆಯಿಲ್ ಮಟ್ಟ ನೋಡುವಾಗ ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು. ನಮ್ಮ ಅಂಗಳಗಳಲ್ಲಿ ಅದೇ ಕಷ್ಟ ಅಲ್ವಾ? ಕಾಫಿ ಒಣಗಿಸುವ ಕಣ ಇದ್ದರೆ ಅಲ್ಲಿ ನಿಲ್ಲಿಸಿ. ಕಣಕ್ಕೂ ನೀರು ಹರಿಯಲು ಸ್ವಲ್ಪ ಇಳಿಜಾರು ಇರುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್ ಆದರೆ ನೀವೇ ಕೈ ಹಾಕಬೇಡಿ. ಸಿವಿಟಿಗೆ ಅದರದ್ದೇ ಆಯಿಲ್. ಬೇರೆ ಆಟೋಮ್ಯಾಟಿಕ್ ಆಯಿಲ್ ಹಾಕಿದರೆ ಚೆನ್ನಾಗಿದ್ದ ಗೇರ್‌ಬಾಕ್ಸೂ ಹಾಳಾಗುತ್ತದೆ.

ಗ್ಯಾರೇಜಿಗೆ ಹೋಗುವಾಗ ನೀವು ಬರೆದ ಪುಸ್ತಕ, ಕೋಡ್‌ಗಳ ಫೋಟೋ, ರೆಕಾರ್ಡಿಂಗ್ ತೆಗೆದುಕೊಂಡು ಹೋಗಿ. “ಟಿಸಿಎಂ ಕೋಡ್ ಯಾವುದು ಬಂತು?” ಅಂತ ಕೇಳಿ, ಬರೆಸಿಕೊಳ್ಳಿ.

ಘಾಟಿಯಲ್ಲಿ ಲಿಂಪ್ ಮೋಡ್‌ಗೆ ಹೋದರೆ

ತಿರುವಿನಲ್ಲಿ ನಿಲ್ಲಿಸಬೇಡಿ. ಅಗಲ ಜಾಗ ಸಿಗುವವರೆಗೆ ಮೆಲ್ಲಗೆ ಹೋಗಿ, ಹಜಾರ್ಡ್ ಲೈಟ್ ಹಾಕಿ, ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಡಿ. ಮತ್ತೆ ಸ್ಟಾರ್ಟ್ ಮಾಡಿದಾಗ ಗೇರ್‌ಗಳು ಬರಬಹುದು. ಬಂದರೆ ರಿಪೇರಿ ಆಯಿತು ಅಂತಲ್ಲ, ಮನೆ ಸೇರಲು ಅವಕಾಶ ಸಿಕ್ಕಿತು ಅಷ್ಟೇ. ಇಳಿಜಾರಿನಲ್ಲಿ ಒಂದೇ ಗೇರಿನಲ್ಲಿ ನಿಂತ ಗಾಡಿಗೆ ಎಂಜಿನ್ ಬ್ರೇಕಿಂಗ್ ಸಾಲುವುದಿಲ್ಲ. ಬ್ರೇಕ್ ಬಿಸಿಯಾಗಿ ಹಿಡಿತ ಬಿಡುತ್ತದೆ. ಅಂಥ ಸ್ಥಿತಿಯಲ್ಲಿ ಸಂಪಾಜೆ ಅಥವಾ ಮಾಕುಟ್ಟ ಇಳಿಯಬೇಡಿ.

ಎಳೆಸಬೇಕಾಗಿ ಬಂದರೆ ಹಗ್ಗ ಕಟ್ಟಿ ಜೀಪಿನಲ್ಲಿ ಎಳೆಸಬೇಡಿ. ಎಂಜಿನ್ ಆಫ್ ಆಗಿ ಚಕ್ರ ತಿರುಗಿದರೆ ಗೇರ್‌ಬಾಕ್ಸಿಗೆ ಆಯಿಲ್ ಹೋಗುವುದಿಲ್ಲ. ಅಷ್ಟು ಹೊತ್ತು ಚೆನ್ನಾಗಿದ್ದದ್ದು ಆ ದಾರಿಯಲ್ಲೇ ಸುಡುತ್ತದೆ. ಇಡೀ ಗಾಡಿಯನ್ನು ಮೇಲೆ ಹೇರಿಕೊಂಡು ಹೋಗುವ ಲಾರಿಯನ್ನೇ ಕರೆಸಿ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ನಂಬಬೇಡಿ. ವಿರಾಜಪೇಟೆ ಕಡೆಯಿಂದ ಮಾಕುಟ್ಟಕ್ಕೆ ಹೋಗುವವರು ಸಂಶಯ ಬಂದ ತಕ್ಷಣ, ಪೆರುಂಬಾಡಿ ದಾಟುವ ಮೊದಲೇ ನಿಲ್ಲಿಸಿ ಫೋನ್ ಮಾಡಿ.